ಮನೆಯೇ ಆಫೀಸಾದಾಗ ಮನಸ್ಸಿಗೆ ಏನಾಯಿತು? ಪದೇ ಪದೇ ಕೇಳುವ ಪ್ರಶ್ನೆಗಳು

2020ರ ಮಾರ್ಚ್ ಎರಡನೇ ವಾರ ಬೆಂಗಳೂರಿನ ನಮ್ಮ ಆಫೀಸಿನಲ್ಲಿ "ಲ್ಯಾಪ್‌ಟಾಪ್, ಚಾರ್ಜರ್ ತಗೊಂಡು ಹೋಗಿ, ಒಂದೆರಡು ವಾರ ಮನೆಯಿಂದ ಕೆಲಸ ಮಾಡಿ" ಅಂದರು. ನನ್ನ ಡ್ರಾಯರ್‌ನಲ್ಲಿ ಅರ್ಧ ಪ್ಯಾಕೆಟ್ ಚಕ್ಕುಲಿ ಇತ್ತು. ಆ ಡ್ರಾಯರನ್ನು ಮತ್ತೆ ತೆಗೆದದ್ದು 2022ರಲ್ಲಿ. ಆ ಎರಡು ವರ್ಷ ನಾನು ಹನ್ನೊಂದು ಜನರ ಟೀಮ್ ನೋಡಿಕೊಂಡೆ. ಟೀಮಿನವರು, ಗೆಳೆಯರು, ನೆಂಟರು ಆಗ ಕೇಳಿದ, ಈಗಲೂ ಕೇಳುತ್ತಿರುವ ಪ್ರಶ್ನೆಗಳು ಇಲ್ಲಿವೆ. ನಾನು ಡಾಕ್ಟರ್ ಅಲ್ಲ. ಡಾಕ್ಟರ್ ಹತ್ತಿರ ಹೋಗಬೇಕಾದ ವಿಷಯ ಬಂದಾಗ ಅದನ್ನೇ ಹೇಳಿದ್ದೇನೆ.

ಕೊರೊನಾ ಮುಗಿದು ಎಷ್ಟೋ ಕಾಲ ಆಯ್ತು. ಈಗ ಇದೆಲ್ಲ ಯಾಕೆ?

ಕೊರೊನಾ ಹೋಯಿತು, ಮನೆಯಿಂದ ಕೆಲಸ ಹೋಗಲಿಲ್ಲ. ವಾರಕ್ಕೆ ಎರಡು ಮೂರು ದಿನ ಮನೆಯಲ್ಲೇ ಕೂತು ದುಡಿಯುವವರು ಈಗಲೂ ಬೇಕಾದಷ್ಟಿದ್ದಾರೆ. ಆಗ ಅಂಟಿಕೊಂಡ ಅಭ್ಯಾಸಗಳೂ ಉಳಿದಿವೆ. ಊಟದ ತಟ್ಟೆ ಕೀಬೋರ್ಡ್ ಪಕ್ಕದಲ್ಲೇ ಇರುತ್ತದೆ. ದೀಪ ಆರಿಸುವ ಮುಂಚೆ ಕೊನೆಯದಾಗಿ ನೋಡುವುದು ಆಫೀಸಿನ ಮೇಲ್. ಕೊರೊನಾದ ಮೊದಲ ವರ್ಷದಲ್ಲೇ ಜಗತ್ತಿನಲ್ಲಿ ಆತಂಕ ಮತ್ತು ಖಿನ್ನತೆ ಶೇಕಡಾ 25ರಷ್ಟು ಹೆಚ್ಚಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2022ರ ಮಾರ್ಚ್‌ನಲ್ಲಿ ಹೇಳಿತು. ಅಷ್ಟು ಜನರ ಮನಸ್ಸು ಲಾಕ್‌ಡೌನ್ ತೆರೆದ ದಿನವೇ ಸರಿಹೋಗಿರಲಿಕ್ಕಿಲ್ಲ.

ಟ್ರಾಫಿಕ್ ಇಲ್ಲ, ಓಡಾಟ ಇಲ್ಲ. ಮನೆಯಲ್ಲೇ ಕೂತಿದ್ದರೂ ಇಷ್ಟು ಸುಸ್ತು ಯಾಕೆ?

ನನಗೆ ಅತಿ ಹೆಚ್ಚು ಬಾರಿ ಬಂದ ಪ್ರಶ್ನೆ ಇದು. ಕೇಳುವವರ ದನಿಯಲ್ಲಿ ಸ್ವಲ್ಪ ನಾಚಿಕೆಯೂ ಇರುತ್ತಿತ್ತು. ಹೊರಗೆ ಪೊಲೀಸರು, ನರ್ಸ್‌ಗಳು, ಪೌರಕಾರ್ಮಿಕರು ಬಿಸಿಲಲ್ಲಿ ದುಡಿಯುತ್ತಿರುವಾಗ ಫ್ಯಾನ್ ಕೆಳಗೆ ಕೂತ ನನಗೆಂಥ ಸುಸ್ತು ಎಂಬ ನಾಚಿಕೆ.

ಆಫೀಸಿನಲ್ಲಿ ಎಷ್ಟೋ ವಿಷಯ ತಾನಾಗಿ ಆಗುತ್ತಿದ್ದವು. ಟೀ ಕುಡಿಯಲು ಎದ್ದು ಹೋಗುತ್ತಿದ್ದೆವು. ಮೀಟಿಂಗ್ ರೂಮಿಗೆ ನಡೆಯುತ್ತಿದ್ದೆವು. ಪಕ್ಕದ ಸೀಟಿನವನು "ಏನ್ ಗುರು, ಮುಖ ಒಂಥರಾ ಇದೆಯಲ್ಲ" ಅನ್ನುತ್ತಿದ್ದ. ಸಂಜೆ ಆರೂವರೆಗೆ ನಾಲ್ಕು ಜನ ಬ್ಯಾಗ್ ಹೆಗಲಿಗೇರಿಸಿದರೆ ನಮಗೂ ಮನೆ ನೆನಪಾಗುತ್ತಿತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ನಿಗೆ ನಾವು ಹಾಕದ ಶಾಪವಿಲ್ಲ. ಆದರೆ ಅಲ್ಲಿ ಬಸ್ಸಿನೊಳಗೆ ಕೂತ ಮುಕ್ಕಾಲು ಗಂಟೆಯಲ್ಲಿ ತಲೆಯೊಳಗಿನ ಆಫೀಸು ನಿಧಾನವಾಗಿ ಖಾಲಿಯಾಗುತ್ತಿತ್ತು. ಮನೆ ಮುಟ್ಟುವಾಗ ನಾವು ಅರ್ಧ ಮನೆಯವರಾಗಿರುತ್ತಿದ್ದೆವು.

ಮನೆಯಲ್ಲಿ ಇವು ಯಾವುವೂ ತಾನಾಗಿ ಆಗುವುದಿಲ್ಲ. ಬೇಕೆಂದೇ ಮಾಡಬೇಕು. ಮುಂದೆ ನಾನು ಹೇಳುವುದರಲ್ಲಿ ಹೆಚ್ಚಿನದು ಇದೇ, ಬೇರೆ ಬೇರೆ ಕಡೆಯಿಂದ. ನಮ್ಮ ಟೀಮಿನ ಒಬ್ಬರು ಬೆಳಿಗ್ಗೆ ಶೂ ಹಾಕಿ, ಬ್ಯಾಗ್ ಹಿಡಿದು, ಬೀದಿಗೆ ಒಂದು ಸುತ್ತು ಹಾಕಿ ಅದೇ ಮನೆಗೆ ವಾಪಸ್ ಬಂದು ಕೆಲಸಕ್ಕೆ ಕೂರುತ್ತಿದ್ದರು. ಸಂಜೆ ಮತ್ತೆ ಹಾಗೇ. ಅವರ ಮಗಳು ಬಾಗಿಲಲ್ಲಿ ನಿಂತು "ಅಪ್ಪ ಆಫೀಸಿಂದ ಬಂದ್ರು" ಅಂತ ಕೂಗುತ್ತಿದ್ದಳಂತೆ. ನಾವೆಲ್ಲ ನಕ್ಕಿದ್ದೆವು. ಎರಡು ವರ್ಷದ ಕೊನೆಗೆ ನಮ್ಮಲ್ಲಿ ಗಟ್ಟಿಯಾಗಿ ಉಳಿದದ್ದು ಆ ಮನುಷ್ಯನೇ.

ದಿನಕ್ಕೆ ನಾಲ್ಕು ವಿಡಿಯೋ ಮೀಟಿಂಗ್ ಆದರೆ ತಲೆ ಸಿಡಿಯುತ್ತದೆ. ಫೋನಲ್ಲಿ ಮಾತಾಡಿದರೆ ಹಾಗಾಗಲ್ಲ. ಯಾಕೆ?

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ 2021ರಲ್ಲಿ ಇದಕ್ಕೆ ನಾಲ್ಕು ಕಾರಣ ಕೊಟ್ಟರು. ಎಲ್ಲರ ಮುಖವೂ ತುಂಬಾ ಹತ್ತಿರದಲ್ಲಿ, ನಮ್ಮನ್ನೇ ದಿಟ್ಟಿಸುತ್ತಿರುತ್ತದೆ. ಮೂಲೆಯಲ್ಲಿ ನಮ್ಮದೇ ಮುಖ ಸದಾ ಕಾಣುತ್ತಿರುತ್ತದೆ. ಕ್ಯಾಮೆರಾ ಚೌಕದೊಳಗೇ ಇರಬೇಕೆಂದು ಮೈ ಅಲ್ಲಾಡಿಸದೆ ಕೂರುತ್ತೇವೆ. ನಾಲ್ಕನೆಯದು, ಎದುರಿಗಿದ್ದರೆ ತಾನಾಗಿ ತಿಳಿಯುವ ಕಣ್ಸನ್ನೆ, ತಲೆದೂಗುವಿಕೆಗೆಲ್ಲ ಇಲ್ಲಿ ಮೆದುಳು ಜಾಸ್ತಿ ದುಡಿಯಬೇಕು.

ಇದರಲ್ಲಿ ಎರಡನೆಯದನ್ನು ಇವತ್ತೇ ಸರಿ ಮಾಡಬಹುದು. ನಿಮ್ಮ ಮುಖ ನಿಮಗೆ ಕಾಣದಂತೆ ಮಾಡುವ ಆಯ್ಕೆ ಹೆಚ್ಚಿನ ಆ್ಯಪ್‌ಗಳಲ್ಲಿ ಇದೆ. ಅದನ್ನು ಒತ್ತಿ. ದಿನಕ್ಕೆ ಮೂರು ಗಂಟೆ ಕನ್ನಡಿ ಮುಂದೆ ಕೂತು ಕೆಲಸ ಮಾಡು ಅಂದರೆ ಯಾರಾದರೂ ಒಪ್ಪುತ್ತಾರಾ? ಇಬ್ಬರೇ ಮಾತಾಡುವುದಿದ್ದರೆ ಕ್ಯಾಮೆರಾ ಬಿಟ್ಟು ಫೋನ್ ಹಿಡಿದು ತಾರಸಿ ಮೇಲೆ ನಡೆಯುತ್ತಾ ಮಾತಾಡಿ. ಕಣ್ಣಿಗೆ ಇನ್ನೊಂದು ಹಳೆಯ ಸಲಹೆ ಇದೆ: 20 ನಿಮಿಷಕ್ಕೊಮ್ಮೆ 20 ಅಡಿ ದೂರದ ಏನನ್ನಾದರೂ 20 ಸೆಕೆಂಡ್ ನೋಡುವುದು. ಎದುರುಮನೆಯ ತೆಂಗಿನಮರ ಸಾಕು.

ರಾತ್ರಿ ಹತ್ತಕ್ಕೆ ಮ್ಯಾನೇಜರ್ ಮೆಸೇಜ್ ಬರುತ್ತದೆ. ಉತ್ತರ ಕೊಡದಿದ್ದರೆ ತಪ್ಪಾ?

ಮೊದಲು ಕಾನೂನು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ಅದರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ. ಅದಕ್ಕಿಂತ ಹೆಚ್ಚು ದುಡಿಸಿದರೆ ಎರಡು ಪಟ್ಟು ಸಂಬಳ ಕೊಡಬೇಕು. ಆಡಳಿತದ ಹುದ್ದೆಯಲ್ಲಿ ಇರುವವರಿಗೆ ಇದು ಅನ್ವಯಿಸುವುದಿಲ್ಲ. "ಹಾಗಾದರೆ ನನಗೆ ಯಾಕೆ ಕೊಡ್ತಿಲ್ಲ" ಎಂದು ಕೇಳಬೇಡಿ, ಉತ್ತರ ನಿಮಗೂ ಗೊತ್ತು.

ಕೆಲಸದ ಹೊತ್ತು ಮುಗಿದ ಮೇಲೆ ಫೋನ್ ಎತ್ತದೆ ಇರುವ ಹಕ್ಕನ್ನು ಫ್ರಾನ್ಸ್ 2017ರಲ್ಲೇ ಕಾನೂನಿಗೆ ಸೇರಿಸಿತು. ನಮ್ಮ ಲೋಕಸಭೆಯಲ್ಲೂ ಸಂಸದೆ ಸುಪ್ರಿಯಾ ಸುಳೆ ಇಂಥದ್ದೇ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ.

ಕಾನೂನಿಗಿಂತ ದೊಡ್ಡ ಮಾತು ಮೈಯದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಸೇರಿ 2021ರ ಮೇ ತಿಂಗಳಲ್ಲಿ ಒಂದು ಅಧ್ಯಯನ ಹೊರತಂದವು. ವಾರಕ್ಕೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು ಜಾಸ್ತಿ ಎಂದು ಅದು ಹೇಳಿತು. 55 ಗಂಟೆ ಎಂದರೆ ವಾರಕ್ಕೆ ಐದು ದಿನದಂತೆ ದಿನಕ್ಕೆ ಹನ್ನೊಂದು. ಬೆಳಿಗ್ಗೆ ಒಂಬತ್ತೂವರೆಗೆ ಸ್ಟ್ಯಾಂಡಪ್ ಮೀಟಿಂಗ್, ರಾತ್ರಿ ಒಂಬತ್ತಕ್ಕೆ ಅಮೆರಿಕದವರ ಕಾಲ್ ಇರುವವರು ಈ ಲೆಕ್ಕವನ್ನು ಒಮ್ಮೆ ಹಾಕಿ ನೋಡಲಿ.

ನಿಜ ಹೇಳಬೇಕೆಂದರೆ ರಾತ್ರಿ ಮೆಸೇಜ್ ಕಳಿಸುತ್ತಿದ್ದ ಮ್ಯಾನೇಜರ್ ನಾನೇ. ಮರೆತುಹೋಗುತ್ತದೆ ಅಂತ ಹೊಳೆದಾಗಲೇ ಕಳಿಸಿಬಿಡುತ್ತಿದ್ದೆ, ಉತ್ತರ ಬೇಕೆಂದಲ್ಲ. ಆ ಕಡೆಯವರಿಗೆ ಅದು ಹೇಗೆ ಗೊತ್ತಾಗಬೇಕು? ಒಬ್ಬಳು ಧೈರ್ಯ ಮಾಡಿ "ಸರ್, ಇದು ಈಗಲೇ ಬೇಕಾ, ನಾಳೆ ಆದರೆ ಸಾಕಾ?" ಎಂದು ಕೇಳಿದಳು. ಆ ಒಂದು ಪ್ರಶ್ನೆ ಸಾಕಾಯಿತು. ಬೆಳಿಗ್ಗೆ ತಲುಪುವಂತೆ ಸಮಯ ಹಾಕಿ ಕಳಿಸುವುದನ್ನು ಆಮೇಲೆ ಕಲಿತೆ. ನೀವೂ ಅದನ್ನೇ ಕೇಳಿ. ನೂರಕ್ಕೆ ತೊಂಬತ್ತು ಸಲ "ನಾಳೆ ಸಾಕು" ಎಂದೇ ಬರುತ್ತದೆ.

ಊರಿಗೆ ಹೋಗಿ ಅಲ್ಲಿಂದ ಕೆಲಸ ಮಾಡಿದರೆ ಮನಸ್ಸು ಸರಿಹೋಗುತ್ತದಾ?

ಕೆಲವರಿಗೆ ಹೋಗುತ್ತದೆ. ಕೆಲವರಿಗೆ ಮೊದಲ ತಿಂಗಳು ಮಾತ್ರ.

ನಾನು 2020ರ ಜೂನ್‌ನಲ್ಲಿ ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಮನೆಗೆ ಹೋದೆ. ಬೆಳಿಗ್ಗೆ ಬಿಸಿ ದೋಸೆ, ಸುತ್ತ ಹಸಿರು, ಬಾಡಿಗೆಯ ಚಿಂತೆ ಇಲ್ಲ. ಸ್ವರ್ಗ ಅನ್ನಿಸಿತು. ಆಮೇಲೆ ಮಳೆ ಹಿಡಿಯಿತು. ಕರೆಂಟು ಹೋದರೆ ಒಂದು ದಿನ, ಕೆಲವೊಮ್ಮೆ ಮೂರು ದಿನ. ಇನ್ವರ್ಟರ್ ನಾಲ್ಕು ಗಂಟೆಯ ಮೇಲೆ ನಿಲ್ಲದು. ಮನೆಯೊಳಗೆ ನೆಟ್‌ವರ್ಕ್ ಇಲ್ಲ, ಅಟ್ಟದ ಮೇಲೆ ಎರಡು ಕಡ್ಡಿ, ಮನೆ ಹಿಂದಿನ ಗುಡ್ಡದ ಮೇಲೆ ನಾಲ್ಕು ಕಡ್ಡಿ. ಕಂಬಳಿಕೊಪ್ಪೆ ಹಾಕಿಕೊಂಡು ಗುಡ್ಡದ ಮೇಲೆ ಕೂತು ಕ್ಲೈಂಟ್ ಜೊತೆ ಮಾತಾಡಿದ್ದೇನೆ. ಕಾಲಿಗೆ ಉಂಬಳ ಹತ್ತಿದರೂ ದನಿ ನಡುಗಬಾರದು. ಈಗ ನಗು ಬರುತ್ತದೆ. ಆಗ ಕಾಲ್ ಕಟ್ಟಾದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಕೆಲಸದಿಂದ ತೆಗೆದವರ ಸುದ್ದಿ ದಿನಾ ಬರುತ್ತಿದ್ದ ಕಾಲ ಅದು.

ಅಪ್ಪನಿಗೆ ನನ್ನ ಕೆಲಸ ಕೊನೆಗೂ ಅರ್ಥವಾಗಲಿಲ್ಲ. "ಮನೆಯಲ್ಲೇ ಇದ್ದೀಯಲ್ಲ ಮಾರಾಯ, ಔಷಧಿ ಹೊಡೆಯೋರು ಬಂದಿದಾರೆ, ಒಂದು ಗಳಿಗೆ ತೋಟಕ್ಕೆ ಬಾ" ಅನ್ನುವರು. ನಾನು ಲ್ಯಾಪ್‌ಟಾಪ್ ಮುಂದೆ ಹನ್ನೆರಡು ಗಂಟೆ ಕೂತರೂ ಅವರ ಕಣ್ಣಿಗೆ ಅದು ಕೂತಿರುವುದು ಮಾತ್ರ. ಊರಿನವರು ಇನ್ನೂ ನೇರ: "ಏನೋ, ಕೆಲಸ ಹೋಯ್ತಾ? ಇಷ್ಟು ದಿನ ಇಲ್ಲೇ ಇದ್ದೀಯ?" ಪ್ರೀತಿಯಿಂದಲೇ ಕೇಳುತ್ತಿದ್ದರು. ಆದರೂ ಅಂಗಡಿಗೆ ಹೋಗುವುದನ್ನೇ ನಿಲ್ಲಿಸಿಬಿಟ್ಟಿದ್ದೆ.

ಕೊನೆಗೆ ಉಪಯೋಗಕ್ಕೆ ಬಂದದ್ದು ಒಂದು ಕೆಂಪು ಟವೆಲ್. ಅದು ಬಾಗಿಲ ಮೇಲೆ ನೇತಾಡುತ್ತಿದ್ದರೆ ಕಾಲ್‌ನಲ್ಲಿ ಇದ್ದೇನೆ, ಕರೆಯಬೇಡಿ ಎಂದರ್ಥ. ಟವೆಲ್ ತೆಗೆದ ಮೇಲೆ ತೋಟಕ್ಕೆ ಬರುತ್ತೇನೆ ಎಂದು ಅಪ್ಪನಿಗೆ ಮಾತು ಕೊಟ್ಟೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಸಂಜೆ ಅಂಗಳದಲ್ಲಿ ಎಲ್ಲರ ಜೊತೆ ಕೂತು ಅಡಿಕೆ ಸುಲಿದದ್ದೇ ನನಗೆ ಆ ವರ್ಷ ಸಿಕ್ಕ ಒಳ್ಳೆಯ ಔಷಧಿ. ಕೈಗೆ ಕೆಲಸ, ಬಾಯಿಗೆ ಮಾತು, ಸ್ಕ್ರೀನ್ ಇಲ್ಲ.

ಹೋಗುವ ಮುಂಚೆ ನೆಟ್‌ವರ್ಕ್, ಕರೆಂಟು, ಕೂರುವ ಜಾಗ ಈ ಮೂರನ್ನು ಎರಡು ದಿನ ಇದ್ದು ಪರೀಕ್ಷಿಸಿ. ಹಬ್ಬಕ್ಕೆ ಹೋದಾಗ ನೋಡಿದ ಊರನ್ನು ನಂಬಬೇಡಿ.

ನಾನು ಪಿಜಿಯಲ್ಲಿ ಒಬ್ಬನೇ. ದಿನಗಟ್ಟಲೆ ಯಾರ ಹತ್ತಿರವೂ ಮಾತಾಡಿರುವುದಿಲ್ಲ. ಇದು ಕಾಯಿಲೆಯಾ?

ಒಂಟಿತನ ಕಾಯಿಲೆ ಅಲ್ಲ. ಆದರೆ ಕಾಯಿಲೆಗೆ ದಾರಿ ಮಾಡಿಕೊಡುತ್ತದೆ.

ನಮ್ಮ ಟೀಮಿನಲ್ಲಿ ಒಬ್ಬ ಹುಡುಗ ಇದ್ದ, ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಪಿಜಿ ಖಾಲಿಯಾಗಿ, ಅಡುಗೆಯವರು ಊರಿಗೆ ಹೋಗಿ, ಇಡೀ ಮಹಡಿಯಲ್ಲಿ ಅವನೊಬ್ಬನೇ ಉಳಿದ. ವಾರಗಟ್ಟಲೆ ಕ್ಯಾಮೆರಾ ಆಫ್. ಕೇಳಿದರೆ "ನೆಟ್ ಸ್ಲೋ ಸರ್" ಎನ್ನುತ್ತಿದ್ದ. ನಾನು ನಂಬಿದೆ. ಅಷ್ಟೇ ಅಲ್ಲ, ವರ್ಷದ ಕೊನೆಗೆ "ಮಾತುಕತೆ ಕಡಿಮೆ" ಎಂದು ರೇಟಿಂಗ್ ಕೂಡ ಇಳಿಸಿದೆ. ಅವನು ದಿನಕ್ಕೆ ಒಂದೇ ಹೊತ್ತು ಮ್ಯಾಗಿ ತಿಂದುಕೊಂಡು, ರಾತ್ರಿ ನಿದ್ದೆ ಇಲ್ಲದೆ ಹಾಸಿಗೆಯಲ್ಲೇ ಕೂತು ಕೋಡ್ ಬರೆಯುತ್ತಿದ್ದ ಎಂದು ತಿಳಿದದ್ದು ಆಮೇಲೆ. ಆಫೀಸಿನಲ್ಲಿ ಆಗಿದ್ದರೆ ಅವನು ಇಳಿದುಹೋದದ್ದು ಕ್ಯಾಂಟೀನ್ ಅಣ್ಣನಿಗೂ ಕಾಣುತ್ತಿತ್ತು.

ನೀವು ಆ ಹುಡುಗನ ಜಾಗದಲ್ಲಿದ್ದರೆ: ದಿನಕ್ಕೆ ಒಬ್ಬ ಮನುಷ್ಯನ ದನಿ ಕಿವಿಗೆ ಬೀಳಲಿ, ಕೆಲಸದ ವಿಷಯ ಅಲ್ಲದ್ದು. ಮೆಸೇಜ್ ಲೆಕ್ಕಕ್ಕಿಲ್ಲ. ಅಮ್ಮನಿಗೆ ಫೋನ್ ಮಾಡಿದಾಗ "ಚೆನ್ನಾಗಿದ್ದೀನಿ" ಎಂದು ಇಡುವ ಬದಲು ಸಾರಿಗೆ ಒಗ್ಗರಣೆ ಹೇಗೆ ಹಾಕುವುದು ಎಂದು ಕೇಳಿ. ಮಾತು ತಾನೇ ಉದ್ದವಾಗುತ್ತದೆ. ಹಾಸಿಗೆ ಮೇಲೆ ಕೆಲಸ ಬೇಡ. ಕುರ್ಚಿ ಇಲ್ಲದಿದ್ದರೆ ನೆಲವಾದರೂ ಸರಿ. ಹಾಸಿಗೆ ಕಂಡರೆ ನಿದ್ದೆ ನೆನಪಾಗಬೇಕು, ಡೆಡ್‌ಲೈನ್ ಅಲ್ಲ.

ಸುಮ್ನೆ ಬೇಜಾರಾ, ಖಿನ್ನತೆಯಾ? ಹೇಗೆ ಗೊತ್ತಾಗುತ್ತದೆ?

ಬೇಜಾರು ಬಂದು ಹೋಗುತ್ತದೆ. ಗೆಳೆಯ ಸಿಕ್ಕರೆ, ನಿದ್ದೆ ಆದರೆ, ಬಿಸಿ ಬೋಂಡಾ ಕಂಡರೆ ಅರ್ಧ ಇಳಿಯುತ್ತದೆ. ಖಿನ್ನತೆ ಹಾಗಲ್ಲ. ಮನಸ್ಸು ಮಂಕಾಗಿಯೇ ಇರುತ್ತದೆ, ಅಥವಾ ಯಾವುದರಲ್ಲೂ ಖುಷಿ ಸಿಗುವುದಿಲ್ಲ. ಜೊತೆಗೆ ನಿದ್ದೆ, ಹಸಿವು ಏರುಪೇರಾಗುತ್ತದೆ. ಏನೂ ಮಾಡದೆ ಸುಸ್ತು, ಗಮನ ನಿಲ್ಲದು, ನಾನು ಯಾವುದಕ್ಕೂ ಬಾರದವನು ಅನ್ನಿಸುವುದು. ಇದು ದಿನದ ಹೆಚ್ಚು ಹೊತ್ತು, ಎರಡು ವಾರದ ಮೇಲೂ ಉಳಿದರೆ ಡಾಕ್ಟರನ್ನು ಕಾಣಬೇಕು. ಥೈರಾಯ್ಡ್ ತೊಂದರೆ, ರಕ್ತ ಕಡಿಮೆ ಇರುವುದು, ವಿಟಮಿನ್ ಬಿ12 ಕೊರತೆ ಕೂಡ ಹೀಗೇ ಕಾಣಿಸಬಹುದು. ಅದಕ್ಕೇ ಗೂಗಲ್ ನೋಡಿ ತೀರ್ಮಾನಿಸಬೇಡಿ.

ಬರ್ನ್‌ಔಟ್ ಇನ್ನೊಂದು ಮಾತು. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಕಾಯಿಲೆ ಎನ್ನುವುದಿಲ್ಲ, ಕೆಲಸದ ಜಾಗಕ್ಕೆ ಸಂಬಂಧಿಸಿದ ಸ್ಥಿತಿ ಎನ್ನುತ್ತದೆ. ತೀರದ ಸುಸ್ತು, ಕೆಲಸದ ಮೇಲೆ ಜಿಗುಪ್ಸೆ, ಏನು ಮಾಡಿದರೂ ಆಗುತ್ತಿಲ್ಲ ಅನ್ನಿಸುವುದು ಅದರ ಗುರುತು. ನನಗೆ ಅದರಲ್ಲಿ ಇಷ್ಟವಾಗುವ ವಿಷಯ ಎಂದರೆ, ಅದು ದೋಷವನ್ನು ಮನುಷ್ಯನ ಮೇಲಷ್ಟೇ ಹಾಕುವುದಿಲ್ಲ. ಯೋಗ, ಧ್ಯಾನ ಎಲ್ಲ ಸರಿ. ಆದರೆ ಮೂರು ಜನರ ಕೆಲಸವನ್ನು ಒಬ್ಬರ ಮೇಲೆ ಹೇರಿ ಪ್ರಾಣಾಯಾಮದ ವೆಬಿನಾರ್ ಇಟ್ಟರೆ ಏನು ಬಂತು?

ಇದ್ದಕ್ಕಿದ್ದಂತೆ ಎದೆ ಡವಡವ, ಉಸಿರು ಕಟ್ಟಿದ ಹಾಗೆ. ಮನಸ್ಸಿನದೋ, ಹೃದಯದ್ದೋ?

ಮೊದಲ ಸಲ ಆದರೆ ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. "ಟೆನ್ಷನ್ ಇರಬೇಕು" ಎಂದು ಮನೆಯಲ್ಲಿ ಕೂರಬೇಡಿ. ಹೃದಯ ಸರಿ ಇದೆ ಎಂದ ಮೇಲೂ ಹೀಗಾಗುತ್ತಿದ್ದರೆ ಅದು ಪ್ಯಾನಿಕ್, ಅಂದರೆ ಇದ್ದಕ್ಕಿದ್ದಂತೆ ನುಗ್ಗುವ ತೀವ್ರ ಆತಂಕ ಇರಬಹುದು. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿಗೇರಿ, ಆಮೇಲೆ ನಿಧಾನವಾಗಿ ಇಳಿಯುತ್ತದೆ, ಚಿಕಿತ್ಸೆಯೂ ಇದೆ.

2021ರಲ್ಲಿ ಎಲ್ಲರ ಮನೆಗೂ ರಕ್ತದ ಆಕ್ಸಿಜನ್ ಅಳೆಯುವ ಆಕ್ಸಿಮೀಟರ್ ಬಂತು. 94ಕ್ಕಿಂತ ಕೆಳಗಿಳಿದರೆ ಆಸ್ಪತ್ರೆ ಎಂಬುದು ಮಕ್ಕಳಿಗೂ ಬಾಯಿಪಾಠ. ಮೀಟಿಂಗ್ ನಡುವೆ ಮೇಜಿನ ಕೆಳಗೆ ಬೆರಳಿಗೆ ಸಿಕ್ಕಿಸಿಕೊಂಡು ದಿನಕ್ಕೆ ಇಪ್ಪತ್ತು ಸಲ ನೋಡುತ್ತಿದ್ದವರು ನನಗೆ ಗೊತ್ತು. ಆತಂಕ ಹೀಗೇ. ನೋಡಿದ ಗಳಿಗೆ ಸಮಾಧಾನ, ಐದು ನಿಮಿಷಕ್ಕೆ ಮತ್ತೆ ನೋಡುವ ಆಸೆ. ಅಂಥ ಅಭ್ಯಾಸ ಇನ್ನೂ ಉಳಿದಿದ್ದರೆ ಒಬ್ಬ ಕೌನ್ಸೆಲರ್ ಹತ್ತಿರ ಹೇಳಿ.

ಗಂಡ ಹೆಂಡತಿ ಇಬ್ಬರೂ ಮನೆಯಿಂದಲೇ ಕೆಲಸ. ಸುಸ್ತಾಗುವುದು ಮಾತ್ರ ನನಗೆ. ಯಾಕೆ?

ನಿಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಯಾರಿಗೆ ಸಿಕ್ಕಿದೆ, ಅದನ್ನು ಹೇಳಿ. ನನಗೆ ಗೊತ್ತಿರುವ ಹತ್ತು ಮನೆಗಳಲ್ಲಿ ಎಂಟರಲ್ಲಿ ಕೋಣೆ ಗಂಡನಿಗೆ, ಡೈನಿಂಗ್ ಟೇಬಲ್ ಹೆಂಡತಿಗೆ. ಡೈನಿಂಗ್ ಟೇಬಲ್ ಎಂದರೆ ಅಡುಗೆಮನೆಯ ಬಾಗಿಲು. ಕುಕ್ಕರ್ ವಿಷಲ್ ಎಣಿಸುವುದು, ಕೊರಿಯರ್‌ನವರಿಗೆ ಬಾಗಿಲು ತೆಗೆಯುವುದು, ಮಗುವಿನ ಆನ್‌ಲೈನ್ ಕ್ಲಾಸ್ ಮ್ಯೂಟ್ ಆಗಿದೆಯಾ ನೋಡುವುದು ಎಲ್ಲ ಅಲ್ಲಿ ಕೂತವರ ಪಾಲಿಗೆ. ಲಾಕ್‌ಡೌನ್‌ನಲ್ಲಿ ಮನೆಕೆಲಸದವರೂ ಬರುವಂತಿರಲಿಲ್ಲ. ನಮ್ಮ ಮನೆಯಲ್ಲೂ ಇದೇ ಕಥೆ. ಹೆಂಡತಿ ಒಂದು ದಿನ ಏನೂ ಹೇಳದೆ ನನ್ನ ಮಾನಿಟರ್ ತಂದು ಡೈನಿಂಗ್ ಟೇಬಲ್ ಮೇಲಿಟ್ಟಳು. ವಾರದಲ್ಲಿ ನನಗೆ ಬುದ್ಧಿ ಬಂತು. ಆಮೇಲೆ ಕೋಣೆ ದಿನ ಬಿಟ್ಟು ದಿನ.

ಚಿಕ್ಕ ಮಗು ಇರುವವರಿಗೆ: ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಬಂದ ನಿಯಮದಂತೆ, ಕೆಲಸ ಅಂಥದ್ದಾಗಿದ್ದರೆ ರಜೆ ಮುಗಿದ ಮೇಲೂ ಕಂಪನಿಯೂ ತಾಯಿಯೂ ಒಪ್ಪಿದರೆ ಮನೆಯಿಂದ ಕೆಲಸ ಮುಂದುವರಿಸಬಹುದು. 50 ಅಥವಾ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು.

ಇನ್ನು ಮನೆಯೇ ಭಯದ ಜಾಗ ಆಗಿದ್ದರೆ, ಹೊಡೆತ ಬಡಿತ ಇದ್ದರೆ, ಮಹಿಳಾ ಸಹಾಯವಾಣಿ 181. ತುರ್ತಾದರೆ 112.

ರಾತ್ರಿ ವಿಡಿಯೋ ಕಾಲ್‌ನಲ್ಲಿ ಸೀನಿಯರ್ ಒಬ್ಬರು ಕೆಟ್ಟದಾಗಿ ಮಾತಾಡುತ್ತಾರೆ. ನಾನು ಮನೆಯಲ್ಲೇ ಇರುವಾಗ ದೂರು ಕೊಡಬಹುದಾ?

ಕೊಡಬಹುದು. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಲ್ಲಿ "ಕೆಲಸದ ಸ್ಥಳ" ಅನ್ನುವುದರೊಳಗೆ ವಾಸದ ಮನೆಯೂ ಸೇರಿದೆ. 10 ಅಥವಾ ಹೆಚ್ಚು ಜನ ಇರುವ ಕಡೆ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ಸಾಮಾನ್ಯವಾಗಿ ಮೂರು ತಿಂಗಳೊಳಗೆ ಬರೆದು ಕೊಡಬೇಕು. ಮೆಸೇಜ್‌ಗಳನ್ನು ಅಳಿಸಬೇಡಿ.

ಟೀಮಿನವರ ಮನೆಯಲ್ಲಿ ಸಾವಾಗಿದೆ. ಫೋನ್ ಮಾಡಿ ಏನು ಹೇಳಲಿ?

2021ರ ಏಪ್ರಿಲ್, ಮೇ ತಿಂಗಳಲ್ಲಿ ಈ ಪ್ರಶ್ನೆ ವಾರಕ್ಕೊಮ್ಮೆ ಎದುರಾಯಿತು. ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50 ಸಾವಿರಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿತ್ತು. ಆಫೀಸಿನ ಗ್ರೂಪ್‌ಗಳಲ್ಲಿ ಕೋಡ್ ಮಾತಿನ ನಡುವೆ "ಬಿ ಪಾಸಿಟಿವ್ ರಕ್ತದ ಪ್ಲಾಸ್ಮಾ ಬೇಕು", "ಐಸಿಯು ಬೆಡ್ ಇದ್ದರೆ ಹೇಳಿ" ಎಂಬ ಮೆಸೇಜ್‌ಗಳು. ಬೆಡ್ ಹುಡುಕಿಕೊಟ್ಟು ಗಂಟೆ ಕಳೆದ ಮೇಲೆ "ಬೇಡ, ಹೋದರು" ಎಂದು ಉತ್ತರ ಬರುತ್ತಿತ್ತು. ಹತ್ತು ನಿಮಿಷಕ್ಕೆ ಅದೇ ಪರದೆಯಲ್ಲಿ ಮುಂದಿನ ಮೀಟಿಂಗ್.

ಆ ಸಾವುಗಳ ದುಃಖ ಬೇರೆ ಥರದ್ದು. ಮುಖ ನೋಡಲಾಗಲಿಲ್ಲ, ನಾಲ್ಕು ಜನ ಹೆಗಲು ಕೊಡಲಿಲ್ಲ, ಹನ್ನೊಂದನೇ ದಿನಕ್ಕೆ ನೆಂಟರು ಬರಲಿಲ್ಲ. ಯಾರೂ ಬಂದು ಒಯ್ಯದೆ ಉಳಿದ ನೂರಾರು ಜನರ ಚಿತಾಭಸ್ಮವನ್ನು ಸರ್ಕಾರವೇ 2021ರ ಜೂನ್‌ನಲ್ಲಿ ಮಳವಳ್ಳಿ ತಾಲೂಕಿನ ಬೆಳಕವಾಡಿಯ ಹತ್ತಿರ ಕಾವೇರಿಗೆ ಬಿಟ್ಟಿತು. ಹಾಗೆ ಅಳಲೂ ಆಗದೆ ಉಳಿದ ದುಃಖ ಎಷ್ಟೋ ಜನರೊಳಗೆ ಈಗಲೂ ಇದೆ.

ಏನು ಹೇಳಬೇಕು ಅಂದರೆ, ಕಡಿಮೆ ಹೇಳಿ. "ಧೈರ್ಯ ತಂದುಕೊಳ್ಳಿ", "ಎಲ್ಲ ವಿಧಿ" ಬೇಡ. ತೀರಿಕೊಂಡವರ ವಿಷಯ ಕೇಳಿ: "ಅಮ್ಮ ಏನು ಅಡುಗೆ ಚೆನ್ನಾಗಿ ಮಾಡ್ತಿದ್ರು?" ನಮ್ಮಲ್ಲಿ ಸಾವಿನ ಮನೆಗೆ ಹೋದವರು ಮಾಡುವುದೂ ಅದನ್ನೇ ಅಲ್ವಾ, ಕೂತು ಹೋದವರ ಬಗ್ಗೆ ಮಾತಾಡುವುದು. "ಏನಾದರೂ ಬೇಕಿದ್ದರೆ ಹೇಳಿ" ಎನ್ನುವ ಬದಲು "ನಿಮ್ಮ ಈ ವಾರದ ಕೆಲಸ ನಾನು ಮಾಡುತ್ತೇನೆ, ಲ್ಯಾಪ್‌ಟಾಪ್ ಮುಚ್ಚಿಡಿ" ಎನ್ನಿ. ತಿಂಗಳಾದ ಮೇಲೆ ಇನ್ನೊಮ್ಮೆ ಫೋನ್ ಮಾಡಿ. ಮೊದಲ ವಾರ ಎಲ್ಲರೂ ಮಾಡುತ್ತಾರೆ. ಆರು ತಿಂಗಳಾದರೂ ದಿನದ ಬದುಕಿಗೆ ಮರಳಲು ಆಗದಿದ್ದರೆ ಡಾಕ್ಟರ್ ಸಹಾಯ ಬೇಕು.

ನಾನು ಟೀಮ್ ಲೀಡ್. ಯಾರಿಗೆ ಕಷ್ಟ ಇದೆ ಎಂದು ದೂರದಿಂದ ಹೇಗೆ ತಿಳಿಯಲಿ?

"ಹೇಗಿದ್ದೀಯಾ?" ಅಂದರೆ "ಫೈನ್ ಸರ್" ಎಂದೇ ಬರುತ್ತದೆ. ಉತ್ತರ ಕೊಡಬಹುದಾದ ಪ್ರಶ್ನೆ ಕೇಳಿ. "ನಿನ್ನೆ ಎಷ್ಟು ಹೊತ್ತಿಗೆ ಮಲಗಿದೆ?", "ಕೊನೆಗೆ ಮನೆಯಿಂದ ಹೊರಗೆ ಹೋದದ್ದು ಯಾವಾಗ?" ಬದಲಾವಣೆಯನ್ನು ಗಮನಿಸಿ, ಸ್ವಭಾವವನ್ನಲ್ಲ. ಮೊದಲಿಂದಲೂ ಮಾತು ಕಡಿಮೆ ಇರುವವನು ಸುಮ್ಮನಿದ್ದರೆ ಚಿಂತೆಯಿಲ್ಲ, ಹರಟೆಮಲ್ಲ ಸುಮ್ಮನಾದರೆ ಫೋನ್ ಮಾಡಿ. ರಾತ್ರಿ ಎರಡಕ್ಕೆ ಕೋಡ್ ಬಂದಿದ್ದರೆ ಹೊಗಳಬೇಡಿ, ಯಾಕೆ ಎಂದು ಕೇಳಿ.

ಒಂದು ತಪ್ಪು ನಾನು ಮಾಡಿದೆ. ಶುಕ್ರವಾರ ಸಂಜೆ ಆನ್‌ಲೈನ್ ಅಂತ್ಯಾಕ್ಷರಿ ಕಡ್ಡಾಯ ಮಾಡಿದ್ದೆ. ಎಲ್ಲರೂ ನಗುತ್ತಾ ಹಾಡಿದರು. ಅದು ವಾರದ ಅತಿ ಕಷ್ಟದ ಮೀಟಿಂಗ್ ಆಗಿತ್ತು ಎಂದು ವರ್ಷದ ಮೇಲೆ ಹೇಳಿದರು. ಮೌಸ್ ಅಲ್ಲಾಡುತ್ತಿದೆಯಾ ಎಂದು ನೋಡುವ ಸಾಫ್ಟ್‌ವೇರ್ ಹಾಕುವ ಬಗ್ಗೆ ಕೇಳಿದರೆ, ಬೇಡ. ಮೌಸ್ ಅಲ್ಲಾಡಿಸುವ ಯಂತ್ರವೂ ಮಾರುಕಟ್ಟೆಯಲ್ಲಿದೆ.

ಎಚ್‌ಆರ್‌ಗೆ ಹೇಳಿದರೆ ಕೆಲಸಕ್ಕೆ ಕುತ್ತು ಬರುತ್ತಾ?

ಬರುವುದಿಲ್ಲ ಎಂದು ಸುಳ್ಳು ಹೇಳಲಾರೆ. ಕಂಪನಿ ನೋಡಿ ಹೇಳಬೇಕಾದ ಮಾತು. ಆದರೆ ರಜೆ ಪಡೆಯಲು ಎಲ್ಲವನ್ನೂ ಬಿಚ್ಚಿಡಬೇಕಿಲ್ಲ, "ಆರೋಗ್ಯ ಸರಿ ಇಲ್ಲ" ಸಾಕು. 1961ರ ಅದೇ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಲ್ಲಿ ಕಾಯಿಲೆ ಅಥವಾ ಬೇರೆ ಸರಿಯಾದ ಕಾರಣಕ್ಕೆ ವರ್ಷಕ್ಕೆ 12 ದಿನ ಸಂಬಳದ ರಜೆ ಇದೆ. ಡಾಕ್ಟರ್ ಹತ್ತಿರ ಹೇಳಿದ್ದು ಗುಟ್ಟಾಗಿ ಉಳಿಯಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಕಂಪನಿಯೇ ಕೊಡುವ ಕೌನ್ಸೆಲಿಂಗ್ ಬಳಸುವ ಮುಂಚೆ ನನ್ನ ಹೆಸರು ಕಂಪನಿಗೆ ಹೋಗುತ್ತದಾ, ಎಷ್ಟು ಸಲ ಉಚಿತ ಎಂದು ಅವರನ್ನೇ ನೇರ ಕೇಳಿ.

ಎಲ್ಲಿಗೆ ಹೋಗಲಿ? ಖರ್ಚು ಎಷ್ಟು?

ಖರ್ಚಿಲ್ಲದ ಮೊದಲ ಹೆಜ್ಜೆ 14416. ಇದು ಟೆಲಿ ಮನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾಯಿತು, ದಿನದ 24 ಗಂಟೆಯೂ ಕನ್ನಡದಲ್ಲಿ ಮಾತಾಡಬಹುದು. ಇದರ ಹಿಂದೆ ಇರುವುದು ನಮ್ಮ ನಿಮ್ಹಾನ್ಸ್. ಲಾಕ್‌ಡೌನ್ ಶುರುವಾದಾಗಲೇ ನಿಮ್ಹಾನ್ಸ್ ಒಂದು ಸಹಾಯವಾಣಿ ತೆರೆದಿತ್ತು.

ಬೆಂಗಳೂರಿನಲ್ಲಿ ಹೊಸೂರು ರಸ್ತೆಯ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇವೆ. ಬಿಟಿಎಂ ಬಡಾವಣೆಯಲ್ಲಿ ನಿಮ್ಹಾನ್ಸ್‌ನದೇ ಒಂದು ಕ್ಷೇಮ ಕೇಂದ್ರವಿದೆ. ದೊಡ್ಡ ಆಸ್ಪತ್ರೆ ಎಂದರೆ ಹೆದರುವವರಿಗೆ ಅದು ಹಗುರ ಅನ್ನಿಸುತ್ತದೆ. ಊರಲ್ಲಿದ್ದರೆ ಜಿಲ್ಲಾಸ್ಪತ್ರೆಯಲ್ಲಿ ಮನೋವೈದ್ಯರು ಸಿಗುತ್ತಾರೆ. ತಾಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ನೋಡುತ್ತಾರೆ. ಮನೋವೈದ್ಯರು ಮಾತ್ರೆ ಬರೆಯುತ್ತಾರೆ, ಕೌನ್ಸೆಲರ್ ಮಾತಿನ ಮೂಲಕ ಸಹಾಯ ಮಾಡುತ್ತಾರೆ. ಕೆಲವರಿಗೆ ಎರಡೂ ಬೇಕಾಗುತ್ತದೆ.

ಮಾತ್ರೆ ಶುರು ಮಾಡಿದರೆ ಜೀವನವಿಡೀ ತಗೋಬೇಕಂತೆ?

ಎಲ್ಲರೂ ಅಲ್ಲ. ಖಿನ್ನತೆಗೆ ಸಾಮಾನ್ಯವಾಗಿ ಕೊಡುವ ಮಾತ್ರೆ ಹೆಂಡದಂತೆ ಚಟ ಹಿಡಿಸುವುದಿಲ್ಲ. ಗುಣ ಕಾಣಲು ಕೆಲವು ವಾರ ಬೇಕು. ಹತ್ತನೇ ದಿನ "ಏನೂ ಆಗ್ಲಿಲ್ಲ" ಎಂದು ಬಿಡಬೇಡಿ, ಸರಿಹೋಯಿತು ಎಂದು ಥಟ್ಟನೆ ನಿಲ್ಲಿಸಲೂಬೇಡಿ. ಅಭ್ಯಾಸವಾಗುವುದು ಕೆಲವು ನಿದ್ದೆ ಮಾತ್ರೆಗಳು. ಗೆಳೆಯ ಕೊಟ್ಟ, ಮೆಡಿಕಲ್ ಶಾಪಿನವನು ಕೊಟ್ಟ ಎಂದು ಅವನ್ನು ನುಂಗಬೇಡಿ.

ಕೆಲಸ ಮುಗಿದ ಮೇಲೆ ದಿನಾ ಎರಡು ಪೆಗ್. ಇದೂ ತೊಂದರೆಯಾ?

2020ರ ಮೇ 4ರಂದು ಕರ್ನಾಟಕದಲ್ಲಿ ಮದ್ಯದಂಗಡಿ ತೆರೆದಾಗಿನ ಸಾಲುಗಳು ನೆನಪಿವೆಯಾ? ನಾವೆಲ್ಲ ಮೀಮ್ ಮಾಡಿ ನಕ್ಕೆವು. ಬಾರ್‌ಗೆ ಮುಚ್ಚುವ ಹೊತ್ತಿದೆ, ಮನೆಗಿಲ್ಲ. ಆಫೀಸು ಮುಗಿಯಿತು ಎಂದು ಮನಸ್ಸಿಗೆ ಹೇಳಲು ಗ್ಲಾಸು ಬೇಕೇ ಬೇಕು ಅನ್ನಿಸಿದರೆ, ಹೌದು, ತೊಂದರೆಯೇ. ತುಂಬಾ ದಿನದಿಂದ ಜಾಸ್ತಿ ಕುಡಿಯುತ್ತಿದ್ದರೆ ಒಮ್ಮೆಲೇ ನಿಲ್ಲಿಸುವುದೂ ಅಪಾಯ, ಕೈ ನಡುಕ, ಫಿಟ್ಸ್ ಬರಬಹುದು. ಡಾಕ್ಟರನ್ನು ಕೇಳಿಯೇ ಬಿಡಿ.

ಇನ್ಶೂರೆನ್ಸ್ ಸಿಗುತ್ತದಾ?

ಮೈಯ ಕಾಯಿಲೆಗೆ ಇರುವಂತೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. ಅದು 2018ರ ಮೇ ತಿಂಗಳಲ್ಲಿ ಜಾರಿಗೆ ಬಂತು. 2022ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಕಂಪನಿಗಳಿಗೂ ಇದನ್ನು ಮತ್ತೆ ಖಡಕ್ಕಾಗಿ ಹೇಳಿತು. ಆದರೆ ಎಷ್ಟೋ ಪಾಲಿಸಿಗಳು ಆಸ್ಪತ್ರೆಯಲ್ಲಿ ಮಲಗಿದರೆ ಮಾತ್ರ ಹಣ ಕೊಡುತ್ತವೆ. ಕೌನ್ಸೆಲಿಂಗ್ ಫೀಸು ಅದರೊಳಗೆ ಬರುತ್ತದಾ ಎಂದು ಬರವಣಿಗೆಯಲ್ಲಿ ಕೇಳಿ.

ಸತ್ತರೆ ಸಾಕು ಅನ್ನಿಸುತ್ತದೆ. ಯಾರಿಗೂ ಹೇಳಲು ಆಗುತ್ತಿಲ್ಲ.

ಓದುವುದನ್ನು ನಿಲ್ಲಿಸಿ ಈಗಲೇ 14416ಕ್ಕೆ ಫೋನ್ ಮಾಡಿ. ಮಾತು ಹೊರಡದಿದ್ದರೆ "ನನಗೆ ಸಾಯಬೇಕು ಅನ್ನಿಸ್ತಿದೆ" ಎಂಬ ಒಂದೇ ವಾಕ್ಯ ಸಾಕು, ಮುಂದಿನದನ್ನು ಅವರು ಕೇಳುತ್ತಾರೆ. ಈ ಗಳಿಗೆಯೇ ಅಪಾಯ ಅನ್ನಿಸಿದರೆ 112, ಅಥವಾ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗ. ಒಬ್ಬರೇ ಇರಬೇಡಿ. ಪಕ್ಕದ ಮನೆಯವರ ಬಾಗಿಲು ತಟ್ಟಿದರೂ ಸರಿ. ಈ ಯೋಚನೆ ಎಷ್ಟೋ ಜನರಿಗೆ ಬಂದಿದೆ, ಚಿಕಿತ್ಸೆಯಿಂದ ಹೋಗಿದೆ.

ಪೊಲೀಸ್ ಕೇಸ್ ಆಗುತ್ತದೆ ಎಂಬ ಹೆದರಿಕೆಯಿಂದ ಬಾಯಿ ಮುಚ್ಚಿಕೊಳ್ಳುವವರಿದ್ದಾರೆ. ಹಾಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ತಿಳಿಯಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಹೇಳುತ್ತದೆ. 2024ರ ಜುಲೈ 1ರಂದು ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ, ಆತ್ಮಹತ್ಯೆಯ ಪ್ರಯತ್ನವನ್ನು ಅಪರಾಧ ಎನ್ನುತ್ತಿದ್ದ ಹಳೆಯ 309ನೇ ಕಲಂ ಇಲ್ಲ.

ಗೆಳೆಯರು ಹೀಗೆ ಹೇಳಿದರೆ ಬೈಯಬೇಡಿ, ಬುದ್ಧಿ ಹೇಳಬೇಡಿ. "ಸಾಯುವ ಯೋಚನೆ ಬರ್ತಿದೆಯಾ?" ಎಂದು ನೇರವಾಗಿ ಕೇಳಿ. ಕೇಳಿದರೆ ಯೋಚನೆ ಹುಟ್ಟುವುದಿಲ್ಲ. ಫೋನ್ ಇಡದೆ, ಇನ್ನೊಬ್ಬರನ್ನು ಅವರ ಹತ್ತಿರ ಕಳಿಸಿ.

ಮತ್ತೆ ಆಫೀಸಿಗೆ ಬಾ ಅಂದಿದ್ದಾರೆ. ಅದೂ ಭಯ ಆಗ್ತಿದೆ. ಇದೆಂಥ ವಿಚಿತ್ರ?

ವಿಚಿತ್ರ ಏನಿಲ್ಲ. 2022ರಲ್ಲಿ ನಮ್ಮ ಟೀಮಿನ ಅರ್ಧ ಜನಕ್ಕೆ ಹೀಗಾಯಿತು. ಎರಡು ವರ್ಷದಲ್ಲಿ ಸೇರಿದ ನಾಲ್ವರು ಯಾರನ್ನೂ ಪೂರ್ತಿ ನೋಡಿಯೇ ಇರಲಿಲ್ಲ. "ಸರ್, ನೀವು ಇಷ್ಟು ಎತ್ತರ ಅಂತ ಗೊತ್ತಿರಲಿಲ್ಲ" ಅಂದಳು ಒಬ್ಬಳು. ಊರಲ್ಲಿ ಅಪ್ಪ ಅಮ್ಮನನ್ನು ಬಿಟ್ಟು ಬರುವವರಿಗೆ ಬೇರೆಯೇ ಸಂಕಟ, ಜೊತೆಗೆ ಬೆಂಗಳೂರಿನ ಬಾಡಿಗೆ, ಅಡ್ವಾನ್ಸ್.

ಮೊದಲ ವಾರ ಕೆಲಸದ ಗುರಿ ಇಟ್ಟುಕೊಳ್ಳಬೇಡಿ. ಸಾಧ್ಯವಾದರೆ ಎರಡು ದಿನದಿಂದ ಶುರು ಮಾಡಿ. ಗುರುತಿನ ಒಬ್ಬರ ಜೊತೆ ಮಾತಾಡಿಕೊಂಡು ಒಂದೇ ದಿನ ಹೋಗಿ. ಕ್ಯಾಂಟೀನಿಗೆ ಒಬ್ಬರೇ ಹೋಗುವುದು ತಪ್ಪುತ್ತದೆ. ಪಿಜಿ ಹುಡುಗ ಆ ಸೋಮವಾರ ಬಂದಾಗ ನಾನು ಕೆಳಗಿನ ಗೇಟಿನಲ್ಲೇ ಕಾದಿದ್ದೆ. ರೇಟಿಂಗ್ ವಿಷಯ ತೆಗೆದು ತಪ್ಪಾಯಿತು ಅಂದೆ. ಅವನು "ಬಿಡಿ ಸರ್, ಟೀ ಕುಡಿಯೋಣ" ಅಂದ. ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿ ಹೋದೆವು.